ಒಡೆದ ಬ್ಯಾಂಡ್ ಮತ್ತೆ ಸೇರಿದೆ, ಟಿಕೆಟ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: "ಸರ್, ನಾನು ದಾವಣಗೆರೆಯವನು. ಈಗ ಸಂಸಾರ ಸಮೇತ ಅಟ್ಲಾಂಟಾ ಹತ್ತಿರ ಇದ್ದೇನೆ. ತೊಂಬತ್ತರ ದಶಕದಲ್ಲಿ ಎಂಜಿನಿಯರಿಂಗ್ ಓದುವಾಗ ರೂಮ್‌ಮೇಟ್ ಒಬ್ಬ 'ದಿ ಬ್ಲ್ಯಾಕ್ ಕ್ರೋಸ್' ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದ. ಹುಚ್ಚು ಹಿಡಿದವನ ಹಾಗೆ ಕೇಳಿದ್ದೆ. ಆಮೇಲೆ ಬ್ಯಾಂಡ್ ಒಡೆಯಿತು ಅಂತ ಸುದ್ದಿ ಬಂತು, ನಾನೂ ಮರೆತೆ. ಈಗ ನೋಡಿದರೆ ಮತ್ತೆ ಸೇರಿ ಊರೂರು ಸುತ್ತುತ್ತಿದ್ದಾರೆ, ಹೊಸ ಆಲ್ಬಮ್ಮೂ ಬಂದಿದೆ. ನಮ್ಮ ಕಡೆ ಬಂದಾಗ ಹೆಂಡತಿ ಮತ್ತು ಹದಿಮೂರು ವರ್ಷದ ಮಗಳ ಜೊತೆ ಹೋಗುವ ಆಸೆ. ಆದರೆ ಮೂರು ಟಿಕೆಟ್ಟಿನ ಬೆಲೆ ನೋಡಿ ಮನಸ್ಸು ಹಿಂಜರಿಯಿತು. ಆಫೀಸಿನ ಗೆಳೆಯ ಬೇರೆ ಹೇಳುತ್ತಾನೆ: 'ಅದು ಬ್ಯಾಂಡಲ್ಲ, ಬರೀ ಅಣ್ಣ-ತಮ್ಮ. ಹಳೇ ಡ್ರಮ್ಮರನ್ನು ಹೊರಗಿಟ್ಟಿದ್ದಾರೆ. ದುಡ್ಡಿಗೋಸ್ಕರ ಬಂದಿದ್ದಾರೆ. ದನಿಯೂ ಹೋಗಿದೆ, ಅರ್ಧ ರೆಕಾರ್ಡ್ ಹಾಕಿ ಬಾಯಾಡಿಸ್ತಾರೆ.' ಹೌದಾ? ಇವರು ಮತ್ತೆ ಜಗಳವಾಡಿ ಬಿಟ್ಟುಹೋಗುವ ಮೊದಲು ನೋಡಿಬಿಡಬೇಕಾ, ಅಥವಾ ಹಳೇ ನೆನಪೇ ಸಾಕಾ?"

ಉತ್ತರ:

ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಒಂದು ಮಾತು ಪೂರ್ತಿ ನಿಜ, ಒಂದು ಅರ್ಧ ನಿಜ, ಉಳಿದದ್ದು ಸುಮ್ನೆ ಗಾಳಿಮಾತು. ಡ್ರಮ್ಮರ್ ಇಲ್ಲ ಅನ್ನುವುದು ನಿಜ. ದುಡ್ಡಿಗೋಸ್ಕರ ಅನ್ನುವುದು ಅರ್ಧ ನಿಜ. ದನಿ ಮತ್ತು ರೆಕಾರ್ಡಿನ ಮಾತಿಗೆ ಆಮೇಲೆ ಬರುತ್ತೇನೆ, ಅದು ನನ್ನ ಕಸುಬಿನ ವಿಷಯ. ನಾನು ಅಮೆರಿಕದ ಥಿಯೇಟರುಗಳಲ್ಲಿ, ಕ್ಲಬ್ಬುಗಳಲ್ಲಿ ಲೈವ್ ಸೌಂಡ್ ಕೆಲಸ ಮಾಡುವವನು. ಹೆಚ್ಚಾಗಿ ಮಾನಿಟರ್ ಎಂಜಿನಿಯರ್. ಅಂದರೆ ಜನಕ್ಕೆ ಕೇಳುವ ಶಬ್ದವಲ್ಲ, ವೇದಿಕೆ ಮೇಲೆ ಹಾಡುವವರಿಗೆ, ನುಡಿಸುವವರಿಗೆ ಕೇಳುವ ಶಬ್ದ ನೋಡಿಕೊಳ್ಳುವವನು. ಬ್ಲ್ಯಾಕ್ ಕ್ರೋಸ್ ಜೊತೆ ಕೆಲಸ ಮಾಡಿಲ್ಲ. ಆದರೆ ಒಡೆದು ಸೇರಿದ ಬ್ಯಾಂಡುಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದೇನೆ.

ಬ್ಯಾಂಡ್ ಯಾಕೆ ವಾಪಸ್ ಬಂತು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಯಾಕೆ ನಿಂತಿತ್ತು ಅಂತ ನೋಡುತ್ತೇನೆ. ನಿಲ್ಲಿಸಿದ ಕಾರಣ ಹೋಗಿದ್ದರೆ ವಾಪಸಾತಿ ಗಟ್ಟಿ. ಅದು ಹಾಗೇ ಕೂತಿದ್ದರೆ ಎಷ್ಟೇ ದೊಡ್ಡ ಪೋಸ್ಟರ್ ಹಾಕಿದರೂ ಎರಡನೇ ವರ್ಷಕ್ಕೆ ಬಿರುಕು ಕಾಣುತ್ತದೆ.

ಈ ಬ್ಯಾಂಡಿನ ಕಥೆಯನ್ನೇ ನೋಡಿ. ಕ್ರಿಸ್ ರಾಬಿನ್ಸನ್ ಅಣ್ಣ, ಹಾಡುವವರು. ರಿಚ್ ರಾಬಿನ್ಸನ್ ತಮ್ಮ, ಗಿಟಾರ್. ನಿಮ್ಮ ಪಕ್ಕದ ಮೇರಿಯೆಟ್ಟಾದ ಹುಡುಗರು. 1990ರಲ್ಲಿ ಮೊದಲ ಆಲ್ಬಮ್ 'ಶೇಕ್ ಯುವರ್ ಮನಿ ಮೇಕರ್' ಬಂದಾಗ ಅಣ್ಣನಿಗೆ 23, ತಮ್ಮನಿಗೆ 20. ಅಮೆರಿಕದಲ್ಲೇ 50 ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಯಿತು. 1992ರ ಎರಡನೇ ಆಲ್ಬಮ್ ಬಂದ ಕೂಡಲೇ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಗಿ ಕೂತಿತು. ಆ ವಯಸ್ಸಿಗೆ ಅಷ್ಟು ದುಡ್ಡು, ಅಷ್ಟು ಹೆಸರು, ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಟ. ಇಬ್ಬರ ಜಗಳ ಮನೆಯಿಂದಲೇ ಬಂದದ್ದು. ಅದನ್ನು ಇಬ್ಬರೂ ಮುಚ್ಚಿಟ್ಟಿಲ್ಲ.

ಮೊದಲ ಬಾರಿ ನಿಲ್ಲಿಸಿದ್ದು 2002ರಲ್ಲಿ. 2005ಕ್ಕೆ ವಾಪಸ್ ಬಂದರು. 2009ರಲ್ಲಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು: ವುಡ್‌ಸ್ಟಾಕ್‌ನಲ್ಲಿ 'ದಿ ಬ್ಯಾಂಡ್' ಅನ್ನುವ ಹೆಸರಿನ ಹಳೇ ತಂಡದ ಡ್ರಮ್ಮರ್ ಲೆವನ್ ಹೆಲ್ಮ್ ಅವರ ಕೊಟ್ಟಿಗೆಯಂಥ ಸ್ಟುಡಿಯೋದಲ್ಲಿ, ಎದುರಿಗೆ ಜನರನ್ನು ಕೂರಿಸಿಕೊಂಡು ಹೊಸ ಹಾಡುಗಳನ್ನು ರೆಕಾರ್ಡ್ ಮಾಡಿದರು. 'ಬಿಫೋರ್ ದಿ ಫ್ರಾಸ್ಟ್' ಅಂತ ಬಂತು. ಅದರ ನಂತರ ಮತ್ತೆ ವಿರಾಮ, 2013ರಲ್ಲಿ ಮತ್ತೊಂದು ಪ್ರವಾಸ, ಅಲ್ಲಿಗೆ ನಿಂತಿತು. 2015ರ ಜನವರಿಯಲ್ಲಿ ರಿಚ್ ಬಹಿರಂಗವಾಗಿ ಹೇಳಿಕೆ ಕೊಟ್ಟು ಬ್ಯಾಂಡ್ ಮುಗಿಯಿತು ಅಂದರು. ಕಾರಣವನ್ನೂ ಹೇಳಿದರು. ಅವರ ಪ್ರಕಾರ, ಬ್ಯಾಂಡಿನಲ್ಲಿ ತಮಗಿರುವ ಸಮಪಾಲನ್ನು ಬಿಟ್ಟುಕೊಡಬೇಕು ಅಂತ ಅಣ್ಣ ಕೇಳಿದ್ದರು. ಮೊದಲಿನಿಂದ ಜೊತೆಗಿದ್ದ ಡ್ರಮ್ಮರ್ ಸ್ಟೀವ್ ಗೋರ್ಮನ್ ತಮ್ಮ ಪೂರ್ತಿ ಪಾಲನ್ನು ಬಿಟ್ಟು ಸಂಬಳಕ್ಕೆ ದುಡಿಯಬೇಕು ಅಂತಲೂ ಕೇಳಿದ್ದರು.

ಇದು ರಿಚ್ ಕೊಟ್ಟ ಲೆಕ್ಕ ಅನ್ನುವುದು ನೆನಪಿರಲಿ. ಆದರೆ ಜಗಳದ ತಿರುಳು ಎಲ್ಲಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ. ಹಾಡಿನ ಬಗ್ಗೆ ಅಲ್ಲ, ಪಾಲಿನ ಬಗ್ಗೆ.

ಇಲ್ಲಿ ದುಡ್ಡು ಹೇಗೆ ಹರಿಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ 'ದುಡ್ಡಿಗೋಸ್ಕರ ಬಂದರು' ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಹಾಡು ಬರೆದು ರಾಗ ಕೂರಿಸಿದವರದ್ದು ಒಂದು. ಅದನ್ನು ನುಡಿಸಿ ಮಾಡಿದ ರೆಕಾರ್ಡಿಂಗಿನದ್ದು ಇನ್ನೊಂದು. ಅಮೆರಿಕದಲ್ಲಿ ಎಫ್ಎಂ ರೇಡಿಯೋ ಒಂದು ಹಾಡು ಹಾಕಿದರೆ ಬರೆದವರಿಗೆ ಮಾತ್ರ ರಾಯಲ್ಟಿ ಹೋಗುತ್ತದೆ. ಹಾಡಿದವರಿಗೆ, ನುಡಿಸಿದವರಿಗೆ ಬಿಡಿಗಾಸೂ ಇಲ್ಲ. ಈ ಬ್ಯಾಂಡಿನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವ 'ಹಾರ್ಡ್ ಟು ಹ್ಯಾಂಡಲ್' ಇವರು ಬರೆದ ಹಾಡಲ್ಲ. 1968ರಲ್ಲಿ, ಸೋಲ್ ಗಾಯಕ ಓಟಿಸ್ ರೆಡಿಂಗ್ ತೀರಿಕೊಂಡ ಮೇಲೆ ಬಂದ ಅವರ ಹಾಡು. ಅಂದರೆ ನೀವು ಹೈವೇ ಮೇಲೆ ಕಾರಿನಲ್ಲಿ ಎಫ್ಎಂನಲ್ಲಿ ಅದನ್ನು ಕೇಳಿದಾಗಲೆಲ್ಲ ಬ್ಲ್ಯಾಕ್ ಕ್ರೋಸ್‌ಗೆ ಬರುವುದು ಸೊನ್ನೆ. ಬ್ಯಾಂಡಿನ ಸ್ವಂತ ಹಾಡುಗಳಿಗೆ ಹೆಚ್ಚಾಗಿ ಅಣ್ಣ-ತಮ್ಮ ಇಬ್ಬರದ್ದೇ ಹೆಸರು. ಆ ರಾಯಲ್ಟಿ ಇಬ್ಬರಿಗೇ. ಡ್ರಮ್ಮರಿಗೆ, ಬಾಸ್ ನುಡಿಸುವವರಿಗೆ ನಿಜವಾದ ಆದಾಯ ಪ್ರವಾಸದಿಂದ, ಟೀ ಶರ್ಟ್ ಮಾರಾಟದಿಂದ, ಬ್ಯಾಂಡಿನ ಪಾಲಿನಿಂದ ಬರಬೇಕು. ಪಾಲು ಹೋದರೆ ಎಲ್ಲಾ ಹೋದಂತೆ. ಅದಕ್ಕೇ ಪಾಲಿನ ಮಾತು ಬಂದಾಗ ಬ್ಯಾಂಡುಗಳು ಒಡೆಯುತ್ತವೆ.

ಈಗ 'ದುಡ್ಡಿಗೋಸ್ಕರ' ಅನ್ನುವುದಕ್ಕೆ ಬರೋಣ. ಹೌದು, ದುಡ್ಡಿದೆ. ಸ್ಟ್ರೀಮಿಂಗ್ ಬಂದ ಮೇಲೆ ಆಲ್ಬಮ್ ಮಾರಿ ಬದುಕುವ ಕಾಲ ಮುಗಿಯಿತು. ದುಡಿಮೆ ಇರುವುದು ಪ್ರವಾಸದಲ್ಲಿ. ಅಣ್ಣ ಬೇರೆ ಬ್ಯಾಂಡ್ ಕಟ್ಟಿ, ತಮ್ಮ ಬೇರೆ ಬ್ಯಾಂಡ್ ಕಟ್ಟಿ ಹಲವು ವರ್ಷ ಸುತ್ತಿದರು. ಆ ಹೆಸರುಗಳಿಗೆ ಬರುವ ಜನ ಕಡಿಮೆ, ಸಣ್ಣ ಹಾಲುಗಳು. ಹಳೇ ಹೆಸರು ಹಾಕಿದ ದಿನ ಅದೇ ಇಬ್ಬರಿಗೆ ದೊಡ್ಡ ಬಯಲು ರಂಗಮಂದಿರಗಳು ಸಿಕ್ಕವು. ಇದರಲ್ಲಿ ಮುಚ್ಚುಮರೆ ಏನಿದೆ? ದುಡ್ಡಿನ ಆಸೆಯೊಂದೇ ಇದ್ದಿದ್ದರೆ ಜಗಳ ಇಟ್ಟುಕೊಂಡೇ ಹಳೇ ಹಾಡು ಹಾಡಿ ಚೆಕ್ ತೆಗೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡುವ ಬ್ಯಾಂಡುಗಳೂ ಇವೆ. ಇವರು ಏನು ಮಾಡಿದರು ಅನ್ನುವುದನ್ನು ನೋಡಿ.

2019ರ ನವೆಂಬರ್‌ನಲ್ಲಿ ವಾಪಸಾತಿ ಹೇಳಿದರು. 2020ರ ಶುರುವಿನಲ್ಲಿ, ದೊಡ್ಡ ಪ್ರವಾಸಕ್ಕೆ ಮೊದಲು, ಇಬ್ಬರೇ ಸಣ್ಣ ಕ್ಲಬ್ಬುಗಳಲ್ಲಿ ಅಕೂಸ್ಟಿಕ್ ಗಿಟಾರಿನ ಜೊತೆ ಹಾಡಿದರು. ಕೋವಿಡ್ ಬಂತು, ದೊಡ್ಡ ಪ್ರವಾಸ 2021ಕ್ಕೆ ಹೋಯಿತು. ಆ ಪ್ರವಾಸದಲ್ಲಿ ಮೊದಲ ಆಲ್ಬಮ್ಮನ್ನು ಪೂರ್ತಿ ಹಾಡಿದರು. ಇಲ್ಲಿಗೆ ನಿಲ್ಲಿಸಿದ್ದರೆ ನಿಮ್ಮ ಗೆಳೆಯರ ಮಾತಿಗೆ ನಾನೂ ತಲೆಯಾಡಿಸುತ್ತಿದ್ದೆ. ಹಳೇ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಹಾಡುವ ಪ್ರವಾಸ ಮಾರುವುದು ಸುಲಭ. ಹೊಸ ವಾದಕರಿಗೆ ಕಲಿಸುವುದೂ ಸುಲಭ. ಆದರೆ ಅವರು ಮುಂದೆ ಹೋಗಿ ನ್ಯಾಶ್‌ವಿಲ್‌ನಲ್ಲಿ ಜೇ ಜಾಯ್ಸ್ ಎನ್ನುವ ನಿರ್ಮಾಪಕರ ಜೊತೆ ಕೂತು ಹೊಸ ಹಾಡುಗಳನ್ನು ಮಾಡಿದರು. 2024ರ ಮಾರ್ಚ್‌ನಲ್ಲಿ 'ಹ್ಯಾಪಿನೆಸ್ ಬಾಸ್ಟರ್ಡ್ಸ್' ಬಂತು, ಅದೂ ತಮ್ಮದೇ ಲೇಬಲ್ಲಿನಲ್ಲಿ. ಹದಿನೈದು ವರ್ಷದ ಮೇಲೆ ಬಂದ ಹೊಸ ಹಾಡುಗಳ ಆಲ್ಬಮ್. ಅತ್ಯುತ್ತಮ ರಾಕ್ ಆಲ್ಬಮ್ ವಿಭಾಗದಲ್ಲಿ ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಜಗಳವಾಡಿಕೊಂಡೇ ಪ್ರವಾಸ ಮಾಡಬಹುದು. ಆದರೆ ಎದುರುಬದುರು ಕೂತು ಹತ್ತು ಹೊಸ ಹಾಡು ಬರೆಯುವುದು ಕಷ್ಟ. ನನ್ನ ಮಟ್ಟಿಗೆ ಇದು ದೊಡ್ಡ ಗುರುತು.

ದುಡ್ಡಿನ ವಿಷಯದಲ್ಲಿ ಇವರ ಹಳೇ ಕಥೆಯೊಂದು ನನಗೆ ಯಾವಾಗಲೂ ನಗು ತರಿಸುತ್ತದೆ. 1991ರಲ್ಲಿ ಜ಼ೀಜ಼ೀ ಟಾಪ್ ಎನ್ನುವ ದೊಡ್ಡ ಬ್ಯಾಂಡಿನ ಪ್ರವಾಸದಲ್ಲಿ ಇವರು ಮೊದಲು ಹಾಡುವ ಬ್ಯಾಂಡ್. ಪ್ರವಾಸಕ್ಕೆ ಒಂದು ಬಿಯರ್ ಕಂಪನಿಯ ಪ್ರಾಯೋಜಕತ್ವ ಇತ್ತು. ಕ್ರಿಸ್ ವೇದಿಕೆ ಮೇಲೆ ನಿಂತು ಪ್ರಾಯೋಜಕರನ್ನು ಕೆಣಕುತ್ತಲೇ ಇದ್ದರು. ಕೊನೆಗೆ ಪ್ರವಾಸದಿಂದಲೇ ತೆಗೆದುಹಾಕಿದರು. ಅಂಥ ಬ್ಯಾಂಡ್ ಇವತ್ತು ವಿಐಪಿ ಪ್ಯಾಕೇಜ್ ಮಾರುತ್ತದೆ. ಅಭಿಮಾನಿಗಳಿಗೆ ಇದು ಚುಚ್ಚುವುದು ಸಹಜ. ನನಗೆ ಅಷ್ಟು ಚುಚ್ಚುವುದಿಲ್ಲ. ಬಸ್ಸಿಗೆ, ಟ್ರಕ್ಕಿಗೆ, ಡೀಸೆಲ್ಲಿಗೆ, ನನ್ನಂಥವರ ಸಂಬಳಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು.

ಇನ್ನು ಡ್ರಮ್ಮರ್. ಇಲ್ಲಿ ನಿಮ್ಮ ಗೆಳೆಯರ ಪರವಾಗಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಇವರದ್ದು ರೂಟ್ಸ್ ರಾಕ್. ಅಂದರೆ ಬ್ಲೂಸ್, ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ), ಕಂಟ್ರಿ, ಸೋಲ್ ಇವೆಲ್ಲದರ ಮಣ್ಣಿನಿಂದ ಎದ್ದ ಸಂಗೀತ. ಅದರಲ್ಲಿ ಲಯ ಗಡಿಯಾರದ ಹಾಗೆ ಓಡುವುದಿಲ್ಲ. ಡ್ರಮ್ಮರ್ ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಹಾಕುತ್ತಾನೆ, ಬಾಸ್ ಅದಕ್ಕೆ ಅಂಟಿಕೊಂಡು ಹೋಗುತ್ತದೆ, ಆ ಎಳೆತದಲ್ಲೇ ಕಾಲು ತಾನಾಗಿ ಕುಣಿಯುವುದು. ಈ ತಡ ಎಷ್ಟು ಅನ್ನುವುದು ಒಬ್ಬೊಬ್ಬ ಡ್ರಮ್ಮರಿನದ್ದು ಒಂದೊಂದು ಥರ. ಬರೆದಿಡಲು ಆಗುವುದಿಲ್ಲ. ಮೊದಲ ಆಲ್ಬಮ್ಮಿನಲ್ಲಿ ನಿಮ್ಮ ಕಿವಿ ಹಿಡಿದದ್ದು ಗೋರ್ಮನ್ ಅವರ ತಡ. ಈಗಿನ ಬ್ಯಾಂಡಿನಲ್ಲಿ ಅದು ಸಿಗುವುದಿಲ್ಲ. 2021ರಿಂದ ಈಚೆಗೆ ಆ ಸೀಟಿನಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಕೂತಿದ್ದಾರೆ. ಕೆಲಸ ಬಲ್ಲವರೇ, ಆದರೆ ಬೇರೆಯವರು. ಬಾಸ್ ನುಡಿಸುವ ಸ್ವೆನ್ ಪಿಪಿಯನ್ ಮಾತ್ರ ತೊಂಬತ್ತರ ದಶಕದಿಂದ ಬ್ಯಾಂಡಿನ ಜೊತೆ ಇದ್ದವರು, ಅದು ಸಮಾಧಾನ.

ಹಳಬರನ್ನು ಯಾಕೆ ಕರೆಯಲಿಲ್ಲ? ಹಳೇ ಬಳಗದಲ್ಲಿ ತಮ್ಮಿಬ್ಬರ ನಡುವೆ ಪಕ್ಷ ಕಟ್ಟುವ ಚಾಳಿ ಬೆಳೆದಿತ್ತು, ಅದನ್ನೆಲ್ಲ ಬಿಟ್ಟು ಹೊಸದಾಗಿ ಶುರು ಮಾಡಬೇಕಿತ್ತು ಅನ್ನುವ ಅರ್ಥದಲ್ಲಿ ಅಣ್ಣ-ತಮ್ಮ ಮಾತಾಡಿದ್ದಾರೆ. ಗೋರ್ಮನ್ ತಮ್ಮ ಕಡೆಯ ಕಥೆಯನ್ನು 2019ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಅದನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಯಾರು ಸರಿ ಅಂತ ತೀರ್ಪು ಕೊಡಲು ನಾನು ಯಾರು? ಆದರೆ ಒಂದು ಕಹಿ ಮಾತು ಹೇಳಲೇಬೇಕು. 2015ರಲ್ಲಿ ಬ್ಯಾಂಡ್ ಒಡೆದದ್ದು ಪಾಲಿನ ವಿಷಯಕ್ಕೆ. 2019ರಲ್ಲಿ ಸೇರಿದಾಗ ಪಾಲು ಕೇಳುವ ಮೂರನೆಯವರು ಒಳಗೆ ಇರಲೇ ಇಲ್ಲ. ಕಾರಣ ಬಗೆಹರಿಯಿತು ಅನ್ನುವುದಕ್ಕಿಂತ, ಒಬ್ಬರು ಹೊರಗೆ ಹೋದದ್ದರಿಂದ ಸಣ್ಣದಾಯಿತು ಅನ್ನಬಹುದು.

ಹಾಗಾದರೆ ಇದು ಅದೇ ಬ್ಯಾಂಡಾ? ಕಾನೂನಿನ ಪ್ರಕಾರ ಹೆಸರು ಯಾರ ಕೈಯಲ್ಲಿದೆಯೋ ಅವರದ್ದೇ ಬ್ಯಾಂಡ್. ಇದು ಎಷ್ಟು ವಿಚಿತ್ರಕ್ಕೆ ಹೋಗಬಹುದು ಅನ್ನುವುದಕ್ಕೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ನೋಡಿ. 1972ರಲ್ಲಿ ಮುಗಿದ ಬ್ಯಾಂಡ್, ಮತ್ತೆ ಸೇರಲೇ ಇಲ್ಲ. 1995ರಲ್ಲಿ ಅದರ ಬಾಸಿಸ್ಟ್ ಮತ್ತು ಡ್ರಮ್ಮರ್ 'ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್' ಅಂತ ಹೆಸರಿಟ್ಟು ಹಳೇ ಹಾಡುಗಳನ್ನು ಹಾಡುತ್ತಾ ಹೊರಟರು. ಆ ಹಾಡುಗಳನ್ನು ಬರೆದು ಹಾಡಿದ ಜಾನ್ ಫೋಗರ್ಟಿ ಆ ಇಬ್ಬರ ಮೇಲೆ ಕೋರ್ಟಿಗೆ ಹೋದರು. ಫೋಗರ್ಟಿ ಅವರಿಗೆ ಕೋರ್ಟ್ ಹೊಸದೂ ಅಲ್ಲ. ಅದಕ್ಕೆ ಮೊದಲು ಅವರ ಹಳೇ ರೆಕಾರ್ಡ್ ಕಂಪನಿ, ಹೊಸ ಹಾಡು ನಿಮ್ಮದೇ ಹಳೇ ಹಾಡಿನ ಹಾಗಿದೆ ಅಂತ ಅವರ ಮೇಲೇ ಕೇಸು ಹಾಕಿತ್ತು! ಅದರ ಲಾಯರ್ ಖರ್ಚಿನ ಜಗಳ 1994ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು.

ಕಾನೂನು ಬದಿಗಿಡಿ, ಕಿವಿಯ ಪ್ರಕಾರ ಹೇಳುತ್ತೇನೆ. ಬ್ಲ್ಯಾಕ್ ಕ್ರೋಸ್ ಶಬ್ದಕ್ಕೆ ಮೂರು ಕಂಬ: ಕ್ರಿಸ್ ದನಿ, ರಿಚ್ ಬಲಗೈ, ಗೋರ್ಮನ್ ಲಯ. ರಿಚ್ ಎಷ್ಟೋ ಹಾಡುಗಳಿಗೆ ಗಿಟಾರನ್ನು ಓಪನ್ ಜಿ ಶ್ರುತಿಗೆ ಕಟ್ಟಿಕೊಳ್ಳುತ್ತಾರೆ. ತಂತಿಗಳನ್ನು ಒತ್ತದೆ ಹಾಗೇ ಮೀಟಿದರೂ ಒಂದು ಕಾರ್ಡ್, ಅಂದರೆ ಹಲವು ಸ್ವರಗಳ ಮೇಳ, ಮೊಳಗುತ್ತದೆ. ಬ್ಯಾಂಡಿನ ಆ ಅಗಲವಾದ, ಸ್ವಲ್ಪ ಒರಟಾದ ಶಬ್ದ ಅಲ್ಲಿಂದ ಬರುವುದು. ಮೂರರಲ್ಲಿ ಎರಡು ಕಂಬ ಈಗಲೂ ಇವೆ. ನನಗೆ ಅಷ್ಟು ಸಾಕು. ನಿಮಗೆ ಡ್ರಮ್ಸ್ ಮೇಲೇ ಪ್ರೀತಿ ಜಾಸ್ತಿ ಇದ್ದರೆ ಸಾಲದೇ ಇರಬಹುದು.

ದನಿಯ ವಿಷಯ. ವಯಸ್ಸಾದಂತೆ ಮೇಲಿನ ಸ್ವರಗಳು ಕಷ್ಟವಾಗುತ್ತವೆ. ಯಾರನ್ನೂ ಬಿಡುವುದಿಲ್ಲ. ಅದಕ್ಕೆ ಬ್ಯಾಂಡುಗಳು ಇಡೀ ಹಾಡನ್ನೇ ಅರ್ಧ ಸ್ವರ, ಕೆಲವೊಮ್ಮೆ ಒಂದು ಸ್ವರ ಕೆಳಗೆ ಇಳಿಸುತ್ತವೆ. ಕಪ್ಪು ಎರಡರಲ್ಲಿ ಹಾಡುತ್ತಿದ್ದ ಭಾಗವತರು ಬಿಳಿ ಎರಡಕ್ಕೆ ಇಳಿದ ಹಾಗೆ. ಅದು ಮೋಸವಲ್ಲ. ಗಿಟಾರುಗಳ ಶ್ರುತಿ ಇಳಿಸಿ, ತಂತಿ ಸಡಿಲವಾಗದಂತೆ ಸ್ವಲ್ಪ ದಪ್ಪ ತಂತಿ ಹಾಕಿ, ಹಾಡು ಅದೇ ಥರ ಕೇಳುವಂತೆ ಮಾಡುತ್ತಾರೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತೇ ಆಗುವುದಿಲ್ಲ. ಜೊತೆಗೆ ಈ ಬ್ಯಾಂಡಿನಲ್ಲಿ ಗಾಸ್ಪೆಲ್ ಥರದ ಹಿನ್ನೆಲೆ ಗಾಯಕಿಯರಿದ್ದಾರೆ. ಕೋರಸ್ಸಿನ ಎತ್ತರದ ಭಾರ ಅವರೂ ಹೊರುತ್ತಾರೆ.

ರೆಕಾರ್ಡ್ ಹಾಕಿ ಬಾಯಾಡಿಸುವುದು? ಹಾಗೆ ಮಾಡುವ ಶೋಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಒಂದು ಷರತ್ತಿದೆ. ಟ್ರ್ಯಾಕ್ ಓಡಬೇಕಾದರೆ ಡ್ರಮ್ಮರ್ ಕಿವಿಯಲ್ಲಿ ಮೆಟ್ರೋನೋಮಿನ ಟಕ್ ಟಕ್ ಓಡಬೇಕು, ಬ್ಯಾಂಡ್ ಅದಕ್ಕೆ ಕಟ್ಟಿಬಿದ್ದಿರಬೇಕು. ಹಾಡನ್ನು ಮನಸ್ಸಿಗೆ ಬಂದಷ್ಟು ಎಳೆಯುವ, ನಡುವೆ ಸೋಲೋ ಉದ್ದ ಮಾಡುವ ಬ್ಯಾಂಡಿಗೆ ಅದು ಹೊಂದುವುದಿಲ್ಲ. ನೀವೇ ಪರೀಕ್ಷೆ ಮಾಡಬಹುದು: ಹಾಡು ಮುಗಿಯುವ ಕ್ಷಣ ನೋಡಿ. ಟ್ರ್ಯಾಕಿನ ಜೊತೆ ಹೋಗುವ ಬ್ಯಾಂಡ್ ಯಾರ ಮುಖವನ್ನೂ ನೋಡದೆ ಸರಿಯಾಗಿ ನಿಲ್ಲುತ್ತದೆ. ನಿಜವಾಗಿ ನುಡಿಸುವವರು ಕೊನೆಯಲ್ಲಿ ಒಬ್ಬರತ್ತ ಒಬ್ಬರು ತಿರುಗುತ್ತಾರೆ. ಯಾರೋ ಒಬ್ಬರು ತಲೆ ಆಡಿಸುತ್ತಾರೆ, ಆಗ ನಿಲ್ಲುತ್ತದೆ.

ಒಡೆದು ಸೇರಿದ ಬ್ಯಾಂಡಿನಲ್ಲಿ ಈ ತಿರುಗಿ ನೋಡುವುದಕ್ಕೆ ಇನ್ನೂ ಜಾಸ್ತಿ ಬೆಲೆ. ನನ್ನ ಜಾಗದಲ್ಲಿ ನಿಂತರೆ ಅದು ಸೌಂಡ್‌ಚೆಕ್‌ನಲ್ಲೇ ಗೊತ್ತಾಗುತ್ತದೆ. ಒಬ್ಬೊಬ್ಬ ಕಲಾವಿದನಿಗೂ ತನ್ನ ಕಿವಿಗೆ ಯಾರ ಶಬ್ದ ಎಷ್ಟು ಬೇಕು ಅಂತ ನನ್ನ ಹತ್ತಿರ ಹೇಳಬೇಕು. ಒಮ್ಮೆ ಹೀಗೇ ಮತ್ತೆ ಸೇರಿದ್ದ ಒಂದು ಬ್ಯಾಂಡ್. ಗಾಯಕ ಮೈಕ್ ಹತ್ತಿರ ಬಂದು ಡ್ರಮ್ಸ್ ಸ್ವಲ್ಪ, ಬಾಸ್ ಸ್ವಲ್ಪ, ಕೀಬೋರ್ಡ್ ಸ್ವಲ್ಪ ಅಂದ. ಗಿಟಾರ್ ಎಷ್ಟು ಅಂತ ಕೇಳಿದೆ. 'ಬೇಡ' ಅಂದ. ಸ್ವಲ್ಪವೂ ಬೇಡವಾ ಅಂದೆ. 'ಏನೂ ಬೇಡ' ಅಂದ. ಗಿಟಾರಿನವನು ನಾಲ್ಕು ಅಡಿ ದೂರದಲ್ಲಿ ತಂತಿ ಸರಿ ಮಾಡುತ್ತಾ ನಿಂತಿದ್ದ, ತಲೆ ಎತ್ತಲಿಲ್ಲ. ಆ ಪ್ರವಾಸ ಪೂರ್ತಿ ಆಗಲಿಲ್ಲ ಅಂತ ಆಮೇಲೆ ಕೇಳಿದೆ, ಆಶ್ಚರ್ಯವೇನೂ ಆಗಲಿಲ್ಲ. ಇದಕ್ಕೆ ತದ್ವಿರುದ್ಧವೂ ಕಂಡಿದ್ದೇನೆ. ಇಬ್ಬರು ಹಳೇ ಶತ್ರುಗಳು ಒಂದೇ ಮೈಕಿಗೆ ಬಾಯಿ ಕೊಟ್ಟು ಹಾರ್ಮನಿ ಹಾಡಿ, 'ಅವನದ್ದು ಇನ್ನೂ ಜೋರು ಮಾಡು' ಅಂತ ನನಗೆ ಕೈ ಮಾಡಿದ್ದು.

ಮತ್ತೆ ಒಡೆಯುತ್ತಾರಾ ಅಂತ ಕೇಳಿದ್ದೀರಿ. ಭವಿಷ್ಯ ಹೇಳುವುದು ನನ್ನ ಕೆಲಸವಲ್ಲ. ಬೇರೆಯವರ ಕಥೆ ಹೇಳಬಲ್ಲೆ. ಮಿನಿಯಾಪೊಲಿಸ್‌ನ ಜೇಹಾಕ್ಸ್ ಬ್ಯಾಂಡಿನ ಮಾರ್ಕ್ ಓಲ್ಸನ್ 1995ರಲ್ಲಿ ಬಿಟ್ಟುಹೋಗಿ, ಎಷ್ಟೋ ವರ್ಷದ ಮೇಲೆ ವಾಪಸ್ ಬಂದರು. 2011ರಲ್ಲಿ ಅದೇ ಬ್ಯಾಂಡಿನ ಗ್ಯಾರಿ ಲೂರಿಸ್ ಜೊತೆ ಆಲ್ಬಮ್ಮೂ ಬಂತು. ಮರುವರ್ಷವೇ ಮತ್ತೆ ಹೊರಟುಹೋದರು. ಒಕ್ಲಹೋಮಾದ ಟರ್ನ್‌ಪೈಕ್ ಟ್ರೂಬಡೋರ್ಸ್ 2019ರಲ್ಲಿ ನಿಂತದ್ದು ಗಾಯಕ ಇವಾನ್ ಫೆಲ್ಕರ್ ಅವರ ಕುಡಿತದಿಂದ. ಅವರು ಚಿಕಿತ್ಸೆ ತೆಗೆದುಕೊಂಡು, ಕುಡಿತ ಬಿಟ್ಟು, 2022ರಲ್ಲಿ ವಾಪಸ್ ಬಂದರು. ಆಮೇಲೆ 2023ರಲ್ಲಿ ಒಂದು, 2025ರಲ್ಲಿ ಒಂದು ಆಲ್ಬಮ್. ಕಾರಣ ಬಗೆಹರಿದ ವಾಪಸಾತಿ ಅಂದರೆ ಹೀಗಿರುತ್ತದೆ. ಅಲಬಾಮಾ ಶೇಕ್ಸ್ 2018ರಲ್ಲಿ ನಿಂತಾಗ ಅದರ ಗಾಯಕಿ ಬ್ರಿಟನಿ ಹೊವಾರ್ಡ್ ಒಂಟಿಯಾಗಿ ಬೇರೆ ಥರದ ಸಂಗೀತ ಮಾಡಲು ಹೊರಟರು. ಬೇಕಾದದ್ದೆಲ್ಲ ಮಾಡಿ, 2024ರ ಕೊನೆಯಲ್ಲಿ ಹಳೇ ಗೆಳೆಯರಿಬ್ಬರ ಜೊತೆ ಮತ್ತೆ ವೇದಿಕೆ ಹತ್ತಿದರು.

ಇನ್ನೊಂದು ಕಥೆ ಬೇಸರದ್ದು. ಲೆವನ್ ಹೆಲ್ಮ್ ಇದ್ದ 'ದಿ ಬ್ಯಾಂಡ್' ತಂಡ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಿದಾಯ ಕಾರ್ಯಕ್ರಮ ಮಾಡಿತು. 1983ರಲ್ಲಿ ಮತ್ತೆ ಸೇರಿದಾಗ, ಹೆಚ್ಚಿನ ಹಾಡುಗಳಿಗೆ ಹೆಸರಿರುವ ರಾಬಿ ರಾಬರ್ಟ್‌ಸನ್ ಬರಲಿಲ್ಲ. ಉಳಿದವರಿಗೆ ಹಾಡಿನ ರಾಯಲ್ಟಿ ಹೆಚ್ಚಿಲ್ಲ, ಸಣ್ಣ ಜಾಗಗಳಲ್ಲಿ ಹಾಡುತ್ತಾ ಸುತ್ತಬೇಕಾಯಿತು. 1986ರ ಮಾರ್ಚ್‌ನಲ್ಲಿ, ಫ್ಲಾರಿಡಾದಲ್ಲಿ ಒಂದು ಕಾರ್ಯಕ್ರಮ ಮುಗಿದ ಮೇಲೆ ತಂಡದ ರಿಚರ್ಡ್ ಮ್ಯಾನ್ಯುಯೆಲ್ ತೀರಿಕೊಂಡರು. ಈಗ ಆ ತಂಡದ ಐದು ಜನರಲ್ಲಿ ಒಬ್ಬರೂ ಉಳಿದಿಲ್ಲ. 'ಇನ್ನೊಂದು ಸಲ ಬರಲಿ, ಆಗ ನೋಡೋಣ' ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಈಗಲೇ ಹೋಗುವುದಾದರೆ ಮುಖ್ಯ ಅಪಾಯ ಕಾರ್ಯಕ್ರಮ ನಿಲ್ಲುವುದು. ಜಗಳಕ್ಕಿಂತ ಗಂಟಲು ಕೆಡುವುದೇ ಜಾಸ್ತಿ. 2023ರಲ್ಲಿ ಬ್ಲ್ಯಾಕ್ ಕ್ರೋಸ್ ಏರೋಸ್ಮಿತ್ ಪ್ರವಾಸದಲ್ಲಿ ಮೊದಲು ಹಾಡಲು ಹೋಗಿದ್ದರು. ಮೂರೇ ಪ್ರದರ್ಶನ ಆಯಿತು, ಏರೋಸ್ಮಿತ್ ಗಾಯಕ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಯಿತು, ಪ್ರವಾಸವನ್ನು ಮುಂದೂಡಿದರು. 2024ರ ಆಗಸ್ಟ್‌ನಲ್ಲಿ ಪೂರ್ತಿ ರದ್ದಾಯಿತು. ಆದ್ದರಿಂದ ಟಿಕೆಟ್ ತೆಗೆದುಕೊಳ್ಳುವಾಗ ಒಂದು ವ್ಯತ್ಯಾಸ ತಿಳಿದಿರಲಿ. ರದ್ದಾದರೆ ಸಾಮಾನ್ಯವಾಗಿ ದುಡ್ಡು ತಾನಾಗಿ ವಾಪಸ್ ಬರುತ್ತದೆ. ಮುಂದೂಡಿದರೆ ಬರಬೇಕೆಂದಿಲ್ಲ. ಎಷ್ಟೋ ಸಲ ರಿಫಂಡ್ ಕೇಳಲು ಕೆಲವೇ ದಿನದ ಅವಕಾಶ ಕೊಡುತ್ತಾರೆ. ಆ ಇಮೇಲ್ ಕಸದ ಫೋಲ್ಡರಿಗೆ ಹೋಗಿಬಿಟ್ಟರೆ ಕಥೆ ಮುಗಿಯಿತು.

ಬೆಲೆ ನೋಡಿ ಗಾಬರಿಯಾದದ್ದು ಹೇಳಿದ್ದೀರಿ. ಮೊದಲ ದಿನ ಕಾಣುವ ಬೆಲೆ ಕೊನೆಯ ಬೆಲೆ ಅಂತ ತಿಳಿಯಬೇಡಿ. ಬೇಡಿಕೆ ನೋಡಿ ಏರಿಸುವ, ಇಳಿಸುವ ಟಿಕೆಟ್ಟುಗಳು ಇವೆ. ಮೂರು ಸೀಟು ಒಟ್ಟಿಗೇ ಬೇಕು ಅಂದರೆ ಆಯ್ಕೆ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ. ಎರಡು ಮತ್ತು ಒಂದು ಅಂತ ಹುಡುಕಿ ನೋಡಿ, ಹಿಂದೆ ಮುಂದೆ ಸಾಲು ಸಿಗಬಹುದು. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಶುಲ್ಕವೆಲ್ಲ ಸೇರಿದ ಬೆಲೆಯನ್ನು ಮೊದಲೇ ತೋರಿಸಬೇಕು ಅನ್ನುವ ನಿಯಮ ಬಂದಿದೆ. ಕೊನೆಯ ಪುಟದಲ್ಲಿ ಶುಲ್ಕ ಸೇರಿಸಿದರೆ ಆ ಜಾಲತಾಣದಿಂದ ಎದ್ದು ಬನ್ನಿ. ವಿಐಪಿ ಪ್ಯಾಕೇಜ್ ನಿಮಗೆ ಬೇಕಿಲ್ಲ. ಕೊರಳಿಗೆ ಹಾಕುವ ಕಾರ್ಡ್, ಒಂದು ಪೋಸ್ಟರ್, ಮುಂಚೆ ಒಳಗೆ ಬಿಡುವುದು, ಇಷ್ಟಕ್ಕೆ ಇನ್ನೊಂದು ಟಿಕೆಟ್ಟಿನ ಬೆಲೆ ಹೋಗುತ್ತದೆ.

ಕಾದು ನೋಡುವುದು ಇನ್ನೊಂದು ದಾರಿ. ಎರಡು ಮೂರು ಊರುಗಳ ಈಚಿನ ವಿಡಿಯೋ ನೋಡಿ ತೀರ್ಮಾನಿಸಬಹುದು. ಆದರೆ ಫೋನಿನ ವಿಡಿಯೋ ನಂಬಿ ದನಿಯನ್ನು ಅಳೆಯಬೇಡಿ. ಫೋನಿನ ಮೈಕ್ ಜೋರು ಶಬ್ದವನ್ನೆಲ್ಲ ಹಿಂಡಿ ಒಂದೇ ಮಟ್ಟಕ್ಕೆ ತರುತ್ತದೆ, ಬಾಸ್ ಮಾಯವಾಗುತ್ತದೆ. ಕೇಳಲೇಬೇಕಿದ್ದರೆ ಕಿರುಚುವ ಕೋರಸ್ ಬಿಟ್ಟು, ಕಾರ್ಯಕ್ರಮದ ಕೊನೆಯ ಭಾಗದ ಒಂದು ನಿಧಾನದ ಹಾಡು ಕೇಳಿ. ಮೆಲ್ಲಗೆ ಹಾಡುವ ಸಾಲಿನ ಕೊನೆಯಲ್ಲಿ ದನಿ ಒಡೆಯುತ್ತದಾ, ಉಸಿರು ಸಾಲುತ್ತದಾ ಗಮನಿಸಿ. ದಣಿದ ಗಂಟಲು ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ.

ಹೋಗದೇ ಇರುವುದೂ ತಪ್ಪಲ್ಲ. ಮೂವರ ಟಿಕೆಟ್ಟಿನ ದುಡ್ಡು ಈ ತಿಂಗಳು ಭಾರ ಅನ್ನಿಸಿದರೆ ಹೊಸ ಆಲ್ಬಮ್ ಕೇಳಿ, 2009ರ ವುಡ್‌ಸ್ಟಾಕ್ ರೆಕಾರ್ಡಿಂಗ್ ಕೇಳಿ. ಅದರಲ್ಲಿ ಡ್ರಮ್ಸ್ ಗೋರ್ಮನ್ ಅವರದ್ದೇ. ನಿಮ್ಮ ಗೆಳೆಯರಿಗೂ ಸಮಾಧಾನ.

ನನ್ನನ್ನು ಕೇಳಿದರೆ ಹೋಗಿ. ಸಾಧಾರಣ ಸೀಟು ತೆಗೆದುಕೊಳ್ಳಿ. ವೇದಿಕೆಗೆ ಹತ್ತಿರ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅಲ್ಲಿ ಬರೀ ಡ್ರಮ್ಸ್ ಮತ್ತು ಗಿಟಾರ್ ಆಂಪ್ಲಿಫೈಯರ್ ಹೊಡೆಯುತ್ತದೆ, ದನಿ ಸರಿಯಾಗಿ ಕೇಳುವುದಿಲ್ಲ. ಹಾಲಿನ ನಡುವೆ ಮಿಕ್ಸಿಂಗ್ ಡೆಸ್ಕ್ ಇರುತ್ತದೆ. ಅದರ ಅಕ್ಕಪಕ್ಕ, ಅಥವಾ ಅದರ ಹಿಂದಿನ ಎರಡು ಮೂರು ಸಾಲು ಸಿಕ್ಕಿದರೆ ಬಿಡಬೇಡಿ. ಎಂಜಿನಿಯರ್ ಯಾವ ಶಬ್ದ ಕೇಳಿ ಸರಿ ಮಾಡುತ್ತಾನೋ ಅದೇ ನಿಮಗೂ ಕೇಳುತ್ತದೆ. ಮಗಳಿಗೆ ಸಂಗೀತಗಾರರು ಹಾಕುವ ಥರದ ಇಯರ್‌ಪ್ಲಗ್ ತೆಗೆದುಕೊಡಿ. ಬಣ್ಣದ ಸ್ಪಂಜಿನದ್ದು ಹಾಕಿದರೆ ಹಾಡಿನ ಪದಗಳು ಮಂಕಾಗಿ, ಅರ್ಧ ಹಾಡಿಗೇ ಕಿತ್ತು ಹಾಕುತ್ತಾಳೆ. ನಿಮಗೂ ಹೆಂಡತಿಗೂ ಒಂದೊಂದು ಜೊತೆ ಇರಲಿ.